ರಾಗಿ ಡಬ್ಬದಲ್ಲಿ ಕಾರಿನ ಕೀ

ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಮಾತಿನ ಚಟ. ನನಗಿರುವುದು ಬಿಚ್ಚುವ ಚಟ. ಮನೆಯ ಯಾವ ವಸ್ತು ಸ್ವಲ್ಪ ಮುನಿಸಿಕೊಂಡರೂ ಸರಿ, ಅದರ ಹೊಟ್ಟೆ ಬಿಚ್ಚಿ ಒಳಗೇನಿದೆ ಎಂದು ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ. ಬಿಚ್ಚುವ ವಿದ್ಯೆ ಚೆನ್ನಾಗಿಯೇ ಒಲಿದಿದೆ. ಮುಚ್ಚುವ ವಿದ್ಯೆ ಅಷ್ಟಾಗಿ ಒಲಿದಿಲ್ಲ. ನಾನು ರಿಪೇರಿ ಮಾಡಿದ ಮಿಕ್ಸಿ ಈಗಲೂ ತಿರುಗುತ್ತದೆ, ಆದರೆ ಇನ್ನೊಬ್ಬರು ಅದನ್ನು ಅಪ್ಪಿ ಹಿಡಿದುಕೊಂಡಿರಬೇಕು. ಗೋಡೆ ಗಡಿಯಾರ ಸರಿಯಾಗಿಯೇ ನಡೆಯುತ್ತದೆ, ಆದರೆ ಅಂಗಾತ ಮಲಗಿಸಿದರೆ ಮಾತ್ರ. ಹಾಗಾಗಿ ಅದು ಗೋಡೆ ಬಿಟ್ಟು ಬೀರುವಿನ ನೆತ್ತಿಯ ಮೇಲೆ ಮಲಗಿದೆ. ಗಂಟೆ ಬೇಕಾದವರು ಸ್ಟೂಲು ಹತ್ತುತ್ತಾರೆ. ಪ್ರತಿ ರಿಪೇರಿಯ ಕೊನೆಗೂ ಒಂದೋ ಎರಡೋ ಸ್ಕ್ರೂ ಉಳಿದುಬಿಡುತ್ತವೆ. ಅವನ್ನೆಲ್ಲ ಒಂದು ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿಟ್ಟಿದ್ದೇನೆ. ಮನೆಗೆ ಬಂದವರಿಗೆ ನನ್ನ ಹೆಂಡತಿ ಸುಜಾತ ಮೊದಲು ನೀರು ಕೊಡುತ್ತಾಳೆ, ಆಮೇಲೆ ಆ ಜಾಡಿ ತೋರಿಸುತ್ತಾಳೆ.

ನಮ್ಮದು ಬಂಗಾರಪೇಟೆಗೆ ಹತ್ತಿರದ ಹಳ್ಳಿ. ನನಗೆ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಆಫೀಸಿನಲ್ಲಿ ಗುಮಾಸ್ತಿಕೆ. ಮನೆಯಲ್ಲಿ ಒಂದು ಸೀಮೆಹಸು, ಹಿಂಡು ಕೋಳಿ, ಅಮ್ಮ, ಸುಜಾತ, ಈಗ ಕೆಲವು ತಿಂಗಳಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು. ಕಾರು ಕೊಟ್ಟವರು ಒಂದೇ ಕೀ ಕೊಟ್ಟರು. "ಇನ್ನೊಂದು ಮನೇಲೇ ಎಲ್ಲೋ ಇದೆ, ಸಿಕ್ಕಿದ ತಕ್ಷಣ ಫೋನ್ ಮಾಡ್ತೀನಿ" ಎಂದರು. ಆ ಫೋನು ಇನ್ನೂ ಬಂದಿಲ್ಲ. ಬಟನ್ ಒತ್ತಿದರೆ ಕಾರು ದೂರದಿಂದಲೇ ಕುಕ್ ಕುಕ್ ಎಂದು ಓಗೊಡುತ್ತಿತ್ತು. ಮನೆಯಲ್ಲಿ ನಾನು ಕರೆದ ಕೂಡಲೇ ಓಗೊಡುವ ಜೀವ ಅದೊಂದೇ ಆದ್ದರಿಂದ ನಾನು ಆ ಕೀಯನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ.

ಅಮ್ಮ ಮಾತ್ರ ಇನ್ನೂ ಆ ಕಾರು ಹತ್ತಿರಲಿಲ್ಲ. ಮೊದಲ ಸಲ ಹತ್ತಿದರೆ ತನ್ನ ಅಕ್ಕನನ್ನು ಕರೆತರಲೆಂದೇ ಹತ್ತಬೇಕು ಎಂದು ಕಾದಿದ್ದಳು. ದೊಡ್ಡಮ್ಮನ ಊರು ಕಾಮಸಮುದ್ರದಿಂದ ಆಚೆ. ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದೆ ಆಕೆ ನಮ್ಮ ಮನೆಗೆ ಬಂದು ವರ್ಷಗಳೇ ಆಗಿದ್ದವು. ಕೊನೆಗೆ ಅಮ್ಮನೇ ಫೋನಿನಲ್ಲಿ, "ಬರೋ ಭಾನ್ವಾರ ಕಾರ್ ತಕಂಡು ನಾನೇ ಬತ್ತೀನಿ ಕಣಕ್ಕಾ, ಬಟ್ಟೆ ಕಟ್ಕಂಡು ಕುಂತಿರು" ಎಂದು ಮಾತು ಕೊಟ್ಟಳು. ದೊಡ್ಡಮ್ಮ ಆ ಸುದ್ದಿಯನ್ನು ಆ ದಿನವೇ ಬೀದಿಗೆಲ್ಲ ಹಂಚಿದಳು.

ಅದೇ ವಾರ, ಹಸುವಿಗೆ ಮುಸುರೆ ಇಡಲು ಬಗ್ಗಿದಾಗ ಕೀ ಜೇಬಿನಿಂದ ಜಾರಿ ಬಕೆಟ್ಟಿಗೆ ಬಿತ್ತು. ಹಸು ಮೂತಿ ಇಡುವ ಮೊದಲೇ ಮೊಣಕೈವರೆಗೂ ಕೈ ಹಾಕಿ ತೆಗೆದೆ. ಹಿಂಡಿ, ಬೂಸಾ, ಹಿಂದಿನ ದಿನದ ಸಾರು, ಎಲ್ಲವೂ ಅದರ ಸಂದುಗಳಲ್ಲಿ ಹೊಕ್ಕಿದ್ದವು. ನನ್ನ ಕೈ ತಾನಾಗಿಯೇ ಚಾಕುವಿನ ಕಡೆ ಹೋಯಿತು. ಕೀಯನ್ನು ಎರಡು ಹೋಳು ಮಾಡಿ, ಒರೆಸಿ, ಊದಿ, ಬಿಸಿಲಿಗೆ ಹಿಡಿದೆ. ಮೊಬೈಲ್ ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹೂತಿಡುತ್ತಾರೆ ಎಂದಳು ಸುಜಾತ. ಅಮ್ಮನಿಗೆ ಅದು ಸರಿಬೀಳಲಿಲ್ಲ.

"ಅಕ್ಕೀಲೇನೈತೆ ಕಸುವು? ರಾಗೀಲಿಕ್ಕು ಮಗ. ಬಾಣಂತಿಗೂ ರಾಗಿ, ಕೂಲಿ ಮಾಡೋನ್ಗೂ ರಾಗಿ. ಇಷ್ಟುದ್ದ ಕೀಗೆ ಸಾಕಾಗಕಿಲ್ವ?"

ನಮ್ಮ ಕಡೆ ಹುಟ್ಟಿದವನು ಈ ವಾದಕ್ಕೆ ಎದುರು ಹೇಳಲಾರ. ಹೋಳುಗಳನ್ನು ಹಾಗೇ ರಾಗಿ ಡಬ್ಬದಲ್ಲಿ ಹೂತೆ. ಮಾರನೆಯ ದಿನ ತೆಗೆದು, ಸಂದಿನಲ್ಲಿ ಕೂತಿದ್ದ ರಾಗಿಯನ್ನೆಲ್ಲ ಸೂಜಿಯಿಂದ ಕೆದಕಿ, ಎರಡು ಹೋಳನ್ನೂ ಸೇರಿಸಿ ಒತ್ತಿದೆ. ಕುಕ್ ಕುಕ್! ಬಾಗಿಲು ತೆರೆಯಿತು. ಅಮ್ಮ ರಾಗಿ ಡಬ್ಬಕ್ಕೆ ಕೈ ಮುಗಿದಳು. ಇದೇ ಮೊದಲ ಸಲ ನನ್ನ ರಿಪೇರಿಯಲ್ಲಿ ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ. ಆದರೆ ಕೀ ತಿರುಗಿಸಿದರೆ ಎಂಜಿನ್ ಎದ್ದೇಳಲಿಲ್ಲ. ಕಾರಿನ ಎದುರು ಫಲಕದಲ್ಲಿ ಒಂದು ಕೆಂಪು ದೀಪ ನನ್ನನ್ನೇ ನೋಡಿ ಕಣ್ಣು ಮಿಟುಕಿಸತೊಡಗಿತು.

ಶನಿವಾರ ಆಫೀಸು ಮುಗಿಸಿ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಹತ್ತಿರ ಕೀ ಮಾಡುವ ಸೆಲ್ವಣ್ಣನ ಅಂಗಡಿಗೆ ಹೋದೆ. ಮನುಷ್ಯ ಬಾಯಿತುಂಬ ಮಾತಾಡುತ್ತಾನೆ, ತಮಿಳಿನಲ್ಲಿ ಹೊರಟ ವಾಕ್ಯ ಕನ್ನಡದಲ್ಲಿ ಬಂದು ನಿಲ್ಲುತ್ತದೆ.

"ಕೀ ಬರೀ ಕೈಯಲ್ಲಿ ತಂದ್ರೆ ಎಪ್ಪಡಿ ಸಾರ್? ವಂಡಿ ಎಲ್ಲಿ? ವಂಡಿ ತಗೊಂಡ್ ಬಾಂಗೋ."

"ಕೀ ಇಲ್ದೆ ಕಾರು ಹೇಗಪ್ಪಾ ಬರುತ್ತೆ?"

"ವಂಡಿ ಇಲ್ದೆ ಕೀ ಹೇಗೆ ಸಾರ್ ಮಾಡೋದು?"

ಇಬ್ಬರದೂ ಸತ್ಯವೇ. ಆಮೇಲೆ ಅವನೇ ಚಹಾ ತರಿಸಿ, ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ತನ್ನ ಮಿಷನ್ನಿನ ಸಮೇತ ಬಂಗಾರಪೇಟೆಗೆ, ಅಲ್ಲಿಂದ ನಮ್ಮ ಮನೆಗೆ ಬರುವುದಾಗಿ ಒಪ್ಪಿಕೊಂಡ.

ಮನೆಗೆ ಬಂದು, "ಅಕಸ್ಮಾತ್ ಆಗದಿದ್ದರೆ ಆಟೋ ಮಾಡಿಕೊಂಡು ಹೋಗೋಣ" ಎಂದೆ. ಅಮ್ಮ ಆ ಹೊತ್ತು ಮುದ್ದೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕೂಸಾಗಿದ್ದಾಗ ಜ್ವರ ಬಂದು ಕಣ್ಣೇ ಬಿಡ್ತಿರ್ನಿಲ್ವಂತೆ. ಅಕ್ಕಾನೂ ಚಿಕ್ ಉಡ್ಗೀನೇ ಆವಾಗ. ಸೊಂಟದ ಮೇಲ್ ಕೂರಿಸ್ಕಂಡು ಕಾಮಸಮುದ್ರದ್ ಆಸ್ಪತ್ರೆ ತಂಕ ನಡ್ಕಂಡ್ ಓಗವ್ಳೆ. ಬಾಯ್ಬಿಟ್ಟು ಏನೂ ಕೇಳ್ದೋಳಲ್ಲ. ಈಗ ಕಾರ್ ಬತ್ತೈತೆ ಅಂತ ಕಾಯ್ಕಂಡವ್ಳೆ. ಅವಳ ಮುಂದೆ ಆಟೋದಾಗೆ ಓಗಿ ಇಳೀಲೇನ್ಲಾ?"

ಅವಳು ಊಟ ಮಾಡಲಿಲ್ಲ.

ಭಾನುವಾರ ಸೆಲ್ವಣ್ಣ ಬರುವ ಹೊತ್ತಿಗೆ ಅಮ್ಮ ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು, ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಇಳಿ ಎಂದರೆ ಇಳಿಯಲಿಲ್ಲ. ಅವನು ಕೀಯನ್ನು ಉಗುರಿನಿಂದಲೇ ತೆರೆದು, ಒಳಗಿದ್ದ ಒಂದು ಪುಟ್ಟ ಗೂಡು ತೋರಿಸಿದ.

"ಚಿಪ್ ಎಲ್ಲಿ ಸಾರ್? ಬಾಗಿಲು ತೆಗೆಯೋದಕ್ಕೆ ಅದು ಬೇಡ, ಎಂಜಿನ್‌ಗೆ ಅದೇ ಬೇಕು. ಅದಾಗಿ ಬೀಳಲ್ಲ ಇದು. ಯಾರು ಬಿಚ್ಚಿದ್ದು?"

"ನಾನೇ" ಎಂದೆ.

"ನಾನೇ ಸಾಮಿ" ಎಂದಿತು ಅದೇ ಕ್ಷಣ ಹಿಂದಿನ ಸೀಟು. "ಈಳಿಗೆಮಣೇಲಿ ತೆಗ್ದೆ. ಇವನ್ಗೇನೂ ಗೊತ್ತಿಲ್ಲ."

ಸೆಲ್ವಣ್ಣ ನಮ್ಮಿಬ್ಬರ ಮುಖ ನೋಡಿ ನಕ್ಕ. "ನಾನ್ ಹೋದ ಮನೆಯಲ್ಲೆಲ್ಲ ಕೇಳಿದ್ರೆ ನಾನಲ್ಲ ನಾನಲ್ಲ ಅಂತಾರೆ ಸಾರ್. ಇಲ್ಲಿ ಒಂದು ಕೀಗೆ ಎರಡು ಕಳ್ಳರು!"

ಹೊರಗಿನವನ ಮುಂದೆ ಮಗ ಪೆದ್ದನಾಗಬಾರದೆಂದು, ಆ ಕೀಯನ್ನು ಮುಟ್ಟಿಯೂ ನೋಡದ ಅಮ್ಮ ಅಷ್ಟು ಸಲೀಸಾಗಿ ಹೇಳಿದ ಸುಳ್ಳು ನನ್ನನ್ನು ಕರಗಿಸಿಬಿಟ್ಟಿತು. ಕಣ್ಣು ಒದ್ದೆಯಾದದ್ದು ಕಾಣಬಾರದೆಂದು ಟೈರು ನೋಡುವವನಂತೆ ಬಗ್ಗಿದೆ. ಅಷ್ಟರಲ್ಲಿ ಸೆಲ್ವಣ್ಣ ತನ್ನ ಚೀಲದಿಂದ ಅಂಥದೇ ಒಂದು ಚಿಪ್ ತೆಗೆದು ತೋರಿಸಿದ. ಬೇಳೆಕಾಳಿನಷ್ಟು ಗಾತ್ರದ ಕಪ್ಪು ಚೂರು. ಅದನ್ನು ಕಂಡು ಅಮ್ಮನ ಮುಖ ಬಾಡಿತು.

"ಅಯ್ಯೋ, ಇದಾ? ಮಿಲ್ಲಿಗಾಕಕ್ಕೆ ರಾಗಿ ಕೇರ್ವಾಗ ಮೊರದಾಗೆ ಸಿಕ್ತಲ್ಲಪ್ಪಾ. ಕಲ್ಲು ಅಂತ ಅಂಗಳಕ್ಕೆಸ್ದೆ."

ಸುಜಾತ, ನಾನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿದೆವು. ಕೋಳಿಗಳೂ ಜೊತೆಗೆ ಬಂದು ಶ್ರದ್ಧೆಯಿಂದ ಕೆದಕಿದವು. "ಅವು ನುಂಗಿದ್ರೆ ಕಷ್ಟ ಸಾರ್," ಎಂದ ಸೆಲ್ವಣ್ಣ, "ಕೋಳಿನ ಸ್ಟಿಯರಿಂಗ್ ಪಕ್ಕ ಕೂರ್ಸ್ಕೊಂಡೇ ವಂಡಿ ಓಡಿಸ್ಬೇಕಾಗುತ್ತೆ."

ಕೊನೆಗೆ ಅವನು ಹೊಸ ಚಿಪ್ ಹಾಕಿ, ಮಿಷನ್ನಿನ ವೈರನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿ ಕೂತ. ಮಿಷನ್ನು ಕಾರಿನೊಂದಿಗೆ ಏನೋ ಮಾತಾಡುತ್ತಲೇ ಇತ್ತು, ಒಪ್ಪಂದ ಮಾತ್ರ ಆಗುತ್ತಿರಲಿಲ್ಲ. ನಡುವೆ ಅಮ್ಮನ ಫೋನು ಹೊಡೆದುಕೊಂಡಿತು. ದೊಡ್ಡಮ್ಮ! ಬೆಳಕು ಹರಿದಾಗಿನಿಂದ ಜಗಲಿಯ ಮೇಲೆ ಕೂತಿದ್ದಾಳಂತೆ.

"ಒಂಟೇಬಿಟ್ವಿ ಕಣಕ್ಕಾ. ಕಾರಲ್ಲೇ ಕುಂತಿವ್ನಿ" ಎಂದಳು ಅಮ್ಮ. ಎರಡನೆಯ ಮಾತು ನಿಜವೇ. ಆಗ ಸೆಲ್ವಣ್ಣ ಕೀ ತಿರುಗಿಸಿದ, ಕೆಂಪು ದೀಪ ಆರಿತು, ಎಂಜಿನ್ ಗುರ್ರೆಂದಿತು. ಅಮ್ಮ ಫೋನನ್ನು ಮುಂದೆ ಚಾಚಿ ಆ ಸದ್ದನ್ನು ಅಕ್ಕನಿಗೆ ಕೇಳಿಸಿದಳು. ಇನ್ನು ನನಗೆ ಬುದ್ಧಿ ಬಂದಿದೆ ಎಂದು ತೋರಿಸಲು ಇನ್ನೊಂದು ಕೀಯನ್ನೂ ಮಾಡಿಸಿಕೊಂಡು, ಸೆಲ್ವಣ್ಣನನ್ನು ಸ್ಟೇಷನ್ನಿಗೆ ಬಿಟ್ಟು ಕಾಮಸಮುದ್ರದ ದಾರಿ ಹಿಡಿದೆವು.

ದೊಡ್ಡಮ್ಮ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುತ್ತ ಅರ್ಧ ಬೀದಿ ನೆರೆದಿತ್ತು. ಅಕ್ಕತಂಗಿಯರು ಕೈ ಕೈ ಹಿಡಿದುಕೊಂಡು ಅತ್ತರು. ನೋಡುತ್ತಾ ನನಗೆ ಹೊಟ್ಟೆ ತುಂಬಿದಂತಾಯಿತು. ಆಮೇಲೆ ದೊಡ್ಡಮ್ಮ ಕಣ್ಣೊರೆಸಿಕೊಂಡು, "ಯಾಕ್ಲಾ ಮಗ ಇಷ್ಟೊತ್ತು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಶುರು ಮಾಡಿದಳು.

"ಇವನೇ ಕಣಕ್ಕಾ! ಚಾಕು ತಕಂಡು ಕೀನ ಬದ್ನೇಕಾಯಂಗೆ ಸೀಳಿ ರಾಗಿಗಾಕವ್ನೆ!"

ಮುಸುರೆಯಿಂದ ಕೋಳಿಯವರೆಗೆ ಏನನ್ನೂ ಬಿಡಲಿಲ್ಲ. ಮಿಕ್ಸಿ, ಗಡಿಯಾರ, ಸ್ಕ್ರೂ ಜಾಡಿಯನ್ನೂ ಸೇರಿಸಿದಳು. ಈಳಿಗೆಮಣೆಯ ಮಾತೇ ಬರಲಿಲ್ಲ. ಬೀದಿ ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ನನ್ನ ಕೆನ್ನೆ ಸವರಿ, "ಓಗ್ಲಿ ಬಿಡೇ, ಬಂದವ್ನಲ್ಲ" ಎಂದಳು. ವಾಪಸು ಬರುವಾಗ ಇಬ್ಬರೂ ಹಿಂದೆ ಒತ್ತಿಕೊಂಡು ಕೂತು ದಾರಿಯುದ್ದಕ್ಕೂ ನನ್ನ ಬಗ್ಗೆಯೇ ಮಾತಾಡಿದರು, ಕಾರು ಓಡಿಸುತ್ತಿರುವವನು ಬೇರೆ ಯಾರೋ ಎಂಬಂತೆ.

ಎರಡನೆಯ ಕೀಯನ್ನು ಜೋಪಾನವಾಗಿಡಲು ಅಮ್ಮನಿಗೆ ಕೊಟ್ಟಿದ್ದೆ. ಮೊನ್ನೆ ಎಲ್ಲಿಟ್ಟಿದ್ದೀಯೆಂದು ಕೇಳಿದೆ. ರಾಗಿ ಡಬ್ಬದಲ್ಲಂತೆ. ಓಡಿಹೋಗಿ ಕೈ ಹಾಕಿದೆ. ಕೀ ಇತ್ತು, ಹಳೆಯ ಸೀರೆ ಚೂರಿನಲ್ಲಿ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದಿದ್ದಳು. ಕಳ್ಳ ಬಂದರೂ ಬೆಳಗಾಗುವವರೆಗೆ ಬಿಚ್ಚಲಾರ.

"ಇಷ್ಟೊಂದು ಗಂಟು ಕಳ್ಳರಿಗಾ ಅಮ್ಮಾ?" ಎಂದೆ.

ಅಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಡಬ್ಬದಲ್ಲಿ ಹೂತಳು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಹೇಳಿದಳು:

"ಕಳ್ರಿಗ್ಯಾಕ್ಲಾ? ನಿಂಗೇ ಆಕಿರಾದು."