ರಾಜ ಕದ್ದ ಕಿಟಕಿ

ಸತ್ತು ಮಣ್ಣಾದ ರಾಜನೊಬ್ಬನ ಮೇಲೆ ನಾನು ಯುದ್ಧ ಸಾರಿದ್ದು ಒಂದು ಭಾನುವಾರ ಬೆಳಿಗ್ಗೆ, ಸುತ್ತಿಗೆ ಹಿಡಿದು!

ಇಂಗ್ಲೆಂಡಿನ ಯಾರ್ಕ್‌ಷೈರಿನ ಕುರಿಬಯಲುಗಳ ನಡುವಿನ ಈ ಕಲ್ಲಿನ ಮನೆಯನ್ನು ಕಟ್ಟಿದ್ದು ನಮ್ಮ ಮುತ್ತಜ್ಜನ ಮುತ್ತಜ್ಜ. ಎರಡಡಿ ದಪ್ಪದ ಗೋಡೆ, ಕಲ್ಲುಚಪ್ಪಡಿ ಹೊದಿಸಿದ ಮಾಡು. ಮಹಡಿಯ ಮುಂಭಾಗಕ್ಕೆ ಮೂರು ಕಿಟಕಿ. ನಡುವಿನದಕ್ಕೆ ಮಾತ್ರ ಕಲ್ಲು ತುಂಬಿದೆ. ಹಿಂದೆ ರಾಜರು ಕಿಟಕಿಗೂ ತೆರಿಗೆ ಹಾಕುತ್ತಿದ್ದರಲ್ಲ, ಆಗ ಹಿರಿಯರು ಕಣ್ಣೀರಿಡುತ್ತಾ ಮುಚ್ಚಿದರೆಂಬುದು ನಮ್ಮ ಮನೆತನದ ಪುರಾಣ. ಪಬ್ಬಿನಲ್ಲಿ ಈ ಕಥೆ ಹೇಳಿ ನಾನು ಗಿಟ್ಟಿಸಿದ ಬಿಯರಿಗೆ ಲೆಕ್ಕವಿಲ್ಲ. ಕಳೆದ ವಾರ ಹುಮ್ಮಸ್ಸಿನಲ್ಲಿ, "ಭಾನುವಾರ ಊಟಕ್ಕೆ ಬನ್ರಪ್ಪಾ, ಆ ಕಿಟಕಿಯಿಂದ್ಲೇ ಕೈಬೀಸ್ತೀನಿ" ಎಂದು ಎಲ್ಲರನ್ನೂ ಕರೆದುಬಿಟ್ಟೆ. ಇನ್ನು ಅದು ಮನೆತನದ ಮಾನದ ಪ್ರಶ್ನೆ.

"ಹಳೇ ಮನೆಗೆಲ್ಲ ಕಾನೂನಿದೆ ರೀ. ಕೌನ್ಸಿಲ್‌ನೋರನ್ನ ಕೇಳ್ದೆ ಒಂದು ಮೊಳೆನೂ ಹೊಡೀಬಾರ್ದು," ಎಂದಳು ಹೆಂಡತಿ ಹಿಲ್ಡಾ, ಒಲೆಯ ಮುಂದೆ ದನದ ಮಾಂಸ ಬೇಯಿಸುತ್ತಾ.

"ತೆರಿಗೆ ಹೋಗಿ ಎಷ್ಟು ಕಾಲ ಆಯ್ತು. ಇನ್ನು ತೆರೆಯೋದಕ್ಕೆ ಯಾರಪ್ಪನ ಅಪ್ಪಣೆ?"

"ಒಳಗಡೆ ಗೋಡೇಲಿ ಕಿಟಕಿ ಗುರುತೇ ಇಲ್ವಲ್ಲ."

"ಗಾರೆ ಮೆತ್ತಿದಾರೆ ಕಣೇ. ರಾಜನ ಕಡೆಯೋಳ ಥರ ಮಾತಾಡ್ಬೇಡ."

ಏಣಿ ಹತ್ತಿದೆ. ಅಂಗಳದಲ್ಲಿ ಅತಿಥಿಗಳು ಕತ್ತೆತ್ತಿ ನಿಂತಿದ್ದರು. "ಇಗೋ, ನನ್ನ ಹಿರಿಯರ ಬೆಳಕು!" ಎಂದು ಘರ್ಜಿಸಿ ಸುತ್ತಿಗೆ ಬೀಸಿದೆ. ಕಲ್ಲು ಒಳಕ್ಕೆ ಬಿತ್ತು. ಬೀಳುತ್ತಲೇ ಹೋಯಿತು! ನಮ್ಮ ಮಲಗುವ ಕೋಣೆ ಇಷ್ಟು ಆಳವೇ ಎಂದು ತಲೆ ತೂರಿಸುವಷ್ಟರಲ್ಲಿ ಕೆಳಗೆ ಅಡುಗೆಮನೆಯಲ್ಲಿ ಧಡಾರ್ ಎಂದಿತು. ಮೂಟೆಗಟ್ಟಲೆ ಮಸಿ ನನ್ನ ಮುಖಕ್ಕೆ ರಾಚಿತು.

ಹಿಲ್ಡಾ ತಟ್ಟೆ ಹಿಡಿದು ಹೊರಬಂದಳು. ಮಾಂಸವೂ ಕಪ್ಪು, ಹಿಲ್ಡಾಳೂ ಕಪ್ಪು.

"ರೀ, ಆ ಕಿಟಕಿ ನೆತ್ತಿ ಮೇಲೆ, ಮಾಡಿನಲ್ಲಿ ಏನಿದೆ ನೋಡಿ."

ಹುಟ್ಟಿದಂದಿನಿಂದ ನೋಡುತ್ತಿದ್ದೇನೆ. "ಹೊಗೆಗೂಡು," ಎಂದೆ.

"ಅದರ ಕೊಳವೆ ಗೋಡೆ ಒಳಗೇ ಒಲೆವರೆಗೂ ಇಳೀಬೇಕಲ್ವಾ? ಅಲ್ಲಿ ಕಿಟಕಿ ಇಡಕ್ಕಾಗಲ್ಲ. ನಡುವೆ ಬೋಳು ಬಿಟ್ರೆ ಲಕ್ಷಣವಾಗಿರಲ್ಲ ಅಂತ ಮನೆ ಕಟ್ಟಿದ ನಿಮ್ಮ ಹಿರಿಯರು ಅಂದಕ್ಕೊಂದು ಸುಳ್ಳು ಕಿಟಕಿ ಕೂರಿಸಿದಾರೆ. ರಾಜ ಪಾಪ, ಏನೂ ಕದ್ದಿಲ್ಲ."

ಆದರೂ ನಾನು ಬಗ್ಗಲಿಲ್ಲ. "ತೆರೆದೆನೋ ಇಲ್ವೋ?" ಎಂದು ಮಸಿ ಮೆತ್ತಿದ ಕೈಯನ್ನೇ ಬೀಸಿದೆ. ಬೆನ್ನಿಗೇ ಕಿಟಕಿಯಿಂದ ಹೊಗೆ ಬಂತು.

ಈಗ ಕೌನ್ಸಿಲ್ಲಿನ ಅಪ್ಪಣೆಯಂತೆ ಅದೇ ಕಲ್ಲನ್ನು ಅದೇ ಜಾಗಕ್ಕೆ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದೇನೆ. ಇನ್ನು ಪಬ್ಬಿನಲ್ಲಿ ಯಾವ ಕಥೆ ಹೇಳಲಿ ಎಂದು ಹಿಲ್ಡಾಳನ್ನು ಕೇಳಿದೆ. ಗಾರೆಯ ಬಾಣಲೆ ಎತ್ತಿಕೊಡುತ್ತಾ ಅವಳೆಂದಳು:

"ಇದ್ದದ್ದೇ ಹೇಳಿ. ನಮ್ಮನೆ ಕಿಟಕಿ ಮುಚ್ಚಿದ್ದು ತೆರಿಗೆಗಲ್ಲ, ತೆರೆದಿದ್ದಕ್ಕೆ."