ಅಕ್ಕನ ಹೊಟ್ಟೆಯೊಳಗಿನ ಸಾಕಣೆ

ನಮ್ಮಕ್ಕ ಒಬ್ಬಳೇ ಊಟ ಮಾಡುವುದನ್ನು ಬಿಟ್ಟು ಎರಡು ವರ್ಷವಾಯಿತು. ತಟ್ಟೆಯ ಮುಂದೆ ಒಬ್ಬಳೇ ಕೂತಿರುತ್ತಾಳೆ, ನಿಜ. ಆದರೆ ಅವಳ ಪ್ರಕಾರ ಆ ಪಂಕ್ತಿಯಲ್ಲಿ ಉಣ್ಣುತ್ತಿರುವವರನ್ನು ಎಣಿಸಿ ಮುಗಿಸಲು ಯಾರಿಂದಲೂ ಆಗದು. ಅವರೆಲ್ಲ ಅವಳ ಹೊಟ್ಟೆಯೊಳಗಿದ್ದಾರೆ. "ನಂಗಲ್ಲ ಕಣಪ್ಪ, ಅವಕ್ಕೆ" ಎಂದು ಹೇಳಿಯೇ ಅವಳು ಹುರುಳಿಕಾಳಿನ ಪಲ್ಯಕ್ಕೆ ಕೈ ಹಾಕುವುದು.

ಅವು ಎಂದರೆ ಬ್ಯಾಕ್ಟೀರಿಯಾ. ನಾನು ಓದಿದ್ದು ಏಳನೇ ಕ್ಲಾಸು, ಅಕ್ಕ ನಾಲ್ಕು. ಚಿಕ್ಕಬಳ್ಳಾಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ನನಗೆ ಗಾಳಿಯ ವಿಷಯ ಗೊತ್ತು, ಕರುಳಿನ ವಿಷಯ ಗೊತ್ತಿಲ್ಲ. ತಪ್ಪು ಹೇಳಿದರೆ ಓದಿದವರು ತಿದ್ದಿಕೊಳ್ಳಬೇಕು.

ಇದೆಲ್ಲ ಶುರುವಾದದ್ದು ಮಂಡಿನೋವಿನಿಂದ. ಅಕ್ಕ ಇರುವುದು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುತ್ತಾಳೆ. ಅವಳದು ದೊಡ್ಡ ಮೈ. ಎಷ್ಟು ದೊಡ್ಡದು ಎಂಬುದನ್ನು ನನ್ನ ಗಾಡಿಯ ಹಿಂದಿನ ಟೈರು ನನಗಿಂತ ಚೆನ್ನಾಗಿ ಬಲ್ಲದು. ಅವಳನ್ನು ಕೂರಿಸಿಕೊಂಡು ಡಾಕ್ಟರ ಬಳಿ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಮಧ್ಯಾಹ್ನಕ್ಕೆ ಒಂದು ಮುದ್ದೆ, ರಾತ್ರಿಗೆ ಅರ್ಧ ಎಂದಳು ಅಕ್ಕ.

"ಕಡಲೆಕಾಯಿ ಬಿಟ್ಬಿಟ್ಯಲ್ಲಕ್ಕ" ಎಂದೆ ನಾನು.

ಅಕ್ಕ ನೆಲ ನೋಡಿದಳು. ಡಾಕ್ಟರು ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅಕ್ಕನಿಗೊಬ್ಬಳಿಗೇ ಹೇಳುವ ಹಾಗೆ ಹೇಳಿದರು: ಎಲ್ಲರ ಕರುಳಿನಲ್ಲೂ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಬಗೆಯವು. ಅದೇ ಊಟದಿಂದ ಒಬ್ಬರ ಮೈ ಹೆಚ್ಚು ಹೀರಿಕೊಳ್ಳುವುದಕ್ಕೆ ಅವೂ ಕಾರಣ ಇರಬಹುದಂತೆ. ಅವೊಂದೇ ಕಾರಣವಲ್ಲ, ಇನ್ನೂ ಪೂರ್ತಿ ತಿಳಿದಿಲ್ಲ. ಸೊಪ್ಪು, ಕಾಳು, ಮೊಸರು ತಿನ್ನಿ, ನಡೆದಾಡಿ ಎಂದರು.

"ಹಂಗಾದ್ರೆ ದಪ್ಪಗಿರೋರೆಲ್ಲ ಜಾಸ್ತಿ ತಿಂದೋರೇ ಅಂತ ಅಲ್ವಾ ತಾಯಿ?"

"ಅಲ್ಲಮ್ಮ."

"ಅದನ್ನ ಚೀಟೀಲಿ ಬರ್ದುಕೊಡಿ."

ಡಾಕ್ಟರು ನಕ್ಕು ಮಂಡಿಗೆ ಮಾತ್ರೆ ಬರೆದುಕೊಟ್ಟರು.

ಚೀಟಿಯಲ್ಲಿ ಬರದಿದ್ದನ್ನು ಅಕ್ಕ ಬಾಯಲ್ಲೇ ಊರೆಲ್ಲ ಹರಡಿದಳು. ಹುಳು ಸಾಕುವವಳಿಗೆ ಜೀವವಿರುವ ಸಣ್ಣದೆಲ್ಲ ಹುಳುವೇ.

"ಹುಳ ಅಲ್ಲಕ್ಕ, ಬ್ಯಾಕ್ಟೀರಿಯಾ."

"ಹೆಸ್ರು ಏನಾದ್ರೂ ಇರ್ಲಿ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕ್ದಿದ್ರೆ ಯಾವ್ದು ತಾನೆ ಸುಮ್ನಿರುತ್ತೆ?"

ಹುಳುಮನೆಯಲ್ಲಿ ಏನೇನು ಕಟ್ಟುಪಾಡಿದೆಯೋ ಎಲ್ಲವೂ ಅವಳ ಹೊಟ್ಟೆಗೂ ಬಂತು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೇ ತಾನೂ ಸೊಪ್ಪು ತಿಂದಳು. ಹುಳಕ್ಕೆ ಹೊಗೆ ಆಗದೆಂದು ಭಾವನ ಬೀಡಿಯನ್ನು ಬೀದಿಗೆ ಅಟ್ಟಿದಳು. ಭಾವ ಚಿಂತಾಮಣಿ ಕಡೆಯವರು. ಅವರಿಗೆ ತಮಾಷೆ ಬರುವುದು ತೆಲುಗಿನಲ್ಲೇ. "ಏಮೇ, ನೀ ಪುರುಗುಲು ತಿನ್ನಾಯಾ?" ಎಂದು ದಿನವೂ ಕೇಳುತ್ತಾರೆ. ಅಂದರೆ ನಿನ್ನ ಹುಳಗಳ ಊಟವಾಯಿತಾ ಎಂದು. ಅಕ್ಕ ಅದನ್ನು ನಿಜವಾದ ವಿಚಾರಣೆ ಎಂದೇ ತಿಳಿದು "ಆಯ್ತು, ಮೊಸ್ರೊಂದು ಬಾಕಿ" ಎನ್ನುತ್ತಾಳೆ.

ಗೌರಿಬಿದನೂರಿನ ಮದುವೆಯಲ್ಲಂತೂ ನಾನು ಎಲೆಯಡಿ ಅವಿತುಕೊಳ್ಳಬೇಕಾಯಿತು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ತಿನ್ನುವುದಿಲ್ಲ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಬಡಿಸುವವರು ಎರಡನೇ ಹೋಳಿಗೆ ತಂದಾಗ ಅಕ್ಕ ಕೈ ಅಡ್ಡ ಹಿಡಿದು, "ಬೇಡಪ್ಪ, ಹೊಟ್ಟೆಲಿರೋ ಹುಳ ಎಲ್ಲ ಜ್ವರಕ್ಕೆ ಕೂತವೆ" ಎಂದಳು. ಪಕ್ಕದಲ್ಲಿದ್ದ ಹೆಂಗಸು ತನ್ನ ಎಲೆಯ ಸಮೇತ ಮುಂದಿನ ಸಾಲಿಗೆ ಹೋದಳು.

ನಗುವುದು ಸುಲಭ. ಅಕ್ಕನಿಗೆ ಸಣ್ಣಗಾಗುವ ಆಸೆ ಇಲ್ಲವೆಂದು ನನಗೆ ಗೊತ್ತಿತ್ತು. ತಾನು ಹೊಟ್ಟೆಬಾಕಿಯಲ್ಲ ಎಂದು ನಮ್ಮವರೊಬ್ಬರು ಬಾಯಿಬಿಟ್ಟು ಹೇಳಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಅದನ್ನು ಹೇಳಬಲ್ಲವನು ನಾನೊಬ್ಬನೇ. ನಾನು ಹೇಳಿರಲಿಲ್ಲ.

ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು ಇದ್ದಾಗ ಅಟ್ಟದ ಮೇಲೆ ಬಿತ್ತನೆ ಕಡಲೆಕಾಯಿಯ ಮೂಟೆ ಇತ್ತು. ಬಿತ್ತುವ ಬೀಜವನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಬಾರದು ಎಂಬ ರುಚಿಗೇ ನಾನು ದಿನಾ ಮಧ್ಯಾಹ್ನ ಅಟ್ಟ ಹತ್ತಿ, ಮೂಟೆಯ ಹೊಲಿಗೆ ಬಿಚ್ಚಿ, ಬೀಜ ತಿಂದು, ಸಿಪ್ಪೆಯನ್ನು ಮತ್ತೆ ಮೂಟೆಗೇ ತುಂಬುತ್ತಿದ್ದೆ. ಮೂಟೆ ಸೊರಗಲೇ ಇಲ್ಲ. ಮಳೆ ಬಿದ್ದು ಬಿಚ್ಚಿದಾಗ ಅರ್ಧ ಬರೀ ಸಿಪ್ಪೆ. ಅಮ್ಮ ಮೂಟೆಯನ್ನು ನೋಡಿದಳು, ಕಡ್ಡಿಯಂತಿದ್ದ ನನ್ನನ್ನು ನೋಡಿದಳು, ಅಕ್ಕನ ಮೈ ನೋಡಿದಳು. "ಬಿತ್ತೋ ಬೀಜಾನೂ ಬಿಡ್ಲಿಲ್ವೇನೇ" ಎಂದಳು. ಆ ವರ್ಷ ಕೊಯ್ಲಾಗುವವರೆಗೆ ಅಕ್ಕನಿಗೆ ಅರ್ಧ ಮುದ್ದೆ. ನಾನು ಎದುರಿಗೇ ಕೂತು ಇಡೀ ಮುದ್ದೆ ಉಂಡೆ.

ಇಷ್ಟಕ್ಕೇ ಬಿಟ್ಟಿದ್ದರೆ ಚಿಕ್ಕವಯಸ್ಸಿನ ಕಳ್ಳತನ ಎನ್ನಬಹುದಿತ್ತು. ಆದರೆ ಮದುವೆ, ನಾಮಕರಣ, ಎಲ್ಲೇ ನಮ್ಮವರು ಸೇರಲಿ, ಅಕ್ಕ ಬಿತ್ತನೆ ಬೀಜ ತಿಂದಳೆಂಬ ಕತೆಯನ್ನು ಬಣ್ಣ ಕಟ್ಟಿ ಹೇಳುತ್ತ ಬಂದವನು ನಾನೇ. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು.

ಹೋದ ತಿಂಗಳು ಒಂದು ಭಾನುವಾರ ಅವಳ ಹುಳುಮನೆಯಲ್ಲಿದ್ದೆ. ಅಕ್ಕ ತಟ್ಟೆಯಿಂದ ಎರಡು ಹುಳು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು.

"ನೋಡು, ಒಂದೇ ದಿನ ತಂದ ಮರಿ. ಒಂದೇ ತಟ್ಟೆ, ಒಂದೇ ಸೊಪ್ಪು. ಇದು ದಪ್ಪ, ಅದು ಸಣ್ಣ. ಇದು ಕದ್ದು ತಿಂತು ಅಂತ ಹೇಳಕ್ಕಾಗುತ್ತೇನಪ್ಪ?"

ನಾನು ಆ ದಪ್ಪ ಹುಳುವನ್ನೇ ನೋಡಿದೆ.

"ಅಕ್ಕ, ಆ ಬಿತ್ತನೆ ಕಡಲೆಕಾಯಿ ತಿಂದಿದ್ದು ನಾನು" ಎಂದೆ.

ಅಕ್ಕ ಹುಳುಗಳನ್ನು ಮೆಲ್ಲನೆ ತಟ್ಟೆಗೆ ಬಿಟ್ಟಳು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ನೀನಾ?" ಎಂದಳು. "ನಾನೇ ಅಂದ್ಕೊಂಡಿದ್ದೆ ಕಣೋ."

"ನೀನು ಅಟ್ಟ ಹತ್ತೇ ಇರ್ಲಿಲ್ವಲ್ಲಕ್ಕ."

"ಒಂದ್ಸಲ ಹತ್ತಿದ್ದೆ. ಒಂದು ಹಿಡಿ ತಿಂದಿದ್ದೆ. ಅಮ್ಮ ಅಷ್ಟು ಅಂದ್ಮೇಲೆ, ಮಿಕ್ಕಿದ್ದೂ ನಾನೇ ತಿಂದಿರ್ಬೇಕು, ತಿಂದಿದ್ದು ನಂಗೇ ಗೊತ್ತಾಗಿಲ್ಲ ಅಂದ್ಕೊಂಡ್ಬಿಟ್ಟೆ. ದಪ್ಪಗಿದ್ನಲ್ಲಪ್ಪ."

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲು ತೆರೆದಳು.

"ನಿಮ್ಮ ಭಾವ ಜಗಲಿ ಮೇಲವ್ರೆ. ಅವ್ರಿಗೂ ಕೇಳೋ ಹಂಗೆ ಇನ್ನೊಂದ್ಸಲ ಹೇಳು."

ಹೇಳಿದೆ. ಮೂಟೆ, ಹೊಲಿಗೆ, ಸಿಪ್ಪೆ, ಒಂದನ್ನೂ ಬಿಡದೆ ಗಟ್ಟಿಯಾಗಿ ಹೇಳಿದೆ. ಭಾವ ಹಚ್ಚಲಿದ್ದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು. ಅಕ್ಕ ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿಕೊಂಡು, ಹಾಡು ಕೇಳುವವಳ ಹಾಗೆ ಕೇಳಿಸಿಕೊಂಡಳು.