ಮೊಬೈಲ್ ಸ್ವಾಧೀನಾಧಿಕಾರಿಯ ಟ್ರಂಕು

ಪರೀಕ್ಷಾ ಕೇಂದ್ರದೊಳಗೆ ಮೊಬೈಲ್ ತರಬಾರದು ಎಂದು ಗೇಟಿಗೆ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೂ ಅದು ಹೇಗೋ ಒಳಗೆ ಬಂದೇ ಬರುತ್ತದೆ. ತರುವವರೆಲ್ಲ ಕಳ್ಳರೇನಲ್ಲ, ಬಹಳ ಮಂದಿ ಮರೆತವರು. ಕಳ್ಳರನ್ನಾದರೂ ಮುಖ ನೋಡಿ ಹಿಡಿಯಬಹುದು. ಮರೆತವರನ್ನು ಹಿಡಿಯುವುದು ಹೇಗೆ? ತಮ್ಮ ಹತ್ತಿರ ಫೋನಿದೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ನಾನು ಮುನವಳ್ಳಿಗೂ ರಾಮದುರ್ಗಕ್ಕೂ ನಡುವಿನ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು, ನಮ್ಮ ಕಡೆಯ ಮಾತಿನಲ್ಲಿ 'ಅಕ್ಕಾರು'. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನನ್ನನ್ನು ನಮ್ಮ ಕೇಂದ್ರದ 'ಮೊಬೈಲ್ ಸ್ವಾಧೀನಾಧಿಕಾರಿ' ಎಂದು ನೇಮಿಸಿದರು. ಹೆಸರು ಕೇಳಿ ನಮ್ಮ ಅತ್ತೆ ಹಿಗ್ಗಿದರು.

"ಅಧಿಕಾರಿ ಅಂದ್ರ ಜೀಪ್ ಕೊಡತಾರೇನವಾ?"

"ಜೀಪ್ ಇಲ್ರಿ ಅತ್ತಿ, ಟ್ರಂಕ್ ಕೊಡತಾರ."

ಕೆಲಸ ಇಷ್ಟೇ. ಗೇಟಿನ ಹತ್ತಿರ ಟ್ರಂಕು ಇಟ್ಟುಕೊಂಡು ಕೂರಬೇಕು. ಒಳಗೆ ಬರುವವರು ಯಾರೇ ಆಗಲಿ, ಮಾಸ್ತರಿರಲಿ, ಪೊಲೀಸರಿರಲಿ, ಅವರ ಫೋನು ಬಂದ್ ಮಾಡಿಸಿ, ಹೆಸರಿನ ಚೀಟಿ ಅಂಟಿಸಿ ಟ್ರಂಕಿಗೆ ಹಾಕಬೇಕು. ಕೀಲಿ ನನ್ನ ಸೆರಗಿನ ತುದಿಯಲ್ಲಿ. ಕ್ಯಾಮೆರಾ ಇಲ್ಲದ ಡಬ್ಬಾ ಫೋನು ಇಟ್ಟುಕೊಳ್ಳಲು ಪರವಾನಗಿ ಇದ್ದದ್ದು ಕೇಂದ್ರದ ಮುಖ್ಯಸ್ಥರಿಗೆ ಮಾತ್ರ. ಅವರೇ ನಮ್ಮ ಹೆಡ್‌ಮಾಸ್ತರು, ಎಲ್ಲರ ಬಾಯಲ್ಲೂ ದೊಡ್ಡ ಸರ್. ಪರೀಕ್ಷೆ ಮುಗಿಯುವ ತನಕ ತಮ್ಮ ಒಳ್ಳೆಯ ಫೋನನ್ನು ಅವರು ಮನೆಯಲ್ಲೇ ಬಿಟ್ಟು ಬರುತ್ತಿದ್ದರು.

ದೊಡ್ಡ ಸರ್ ಮೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಮೊದಲ ದಿನವೇ ನನ್ನ ಟ್ರಂಕಿನ ಎದುರು ನಿಂತು ಕೈ ಮುಗಿದರು.

"ಅಕ್ಕಾರ, ಸರ್ವಿಸ್ ತುಂಬ ಒಂದೂ ನೋಟೀಸ್ ತಗೊಂಡಾವಲ್ಲ ನಾನು. ಇದೊಂದು ಪರೀಕ್ಷಾ ಸುಸೂತ್ರ ದಾಟಿಸಿಬಿಡ್ರಿ. ಬೇಕಾದ್ರ ನಿಮ್ಮ ಕಾಲಿಗೆ ಬೀಳ್ತೇನಿ."

ಕಾಲಿಗೆ ಬೀಳುವುದೇ ಮುಂದೆ ನಮ್ಮ ಕೇಂದ್ರದ ಪದ್ಧತಿಯಾಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

೧. ಎದ್ದು ನಿಲ್ಲಿರಿ

ಮೊದಲ ಪೇಪರು ಕನ್ನಡ. ಕಿತ್ತೂರು ಕಡೆಯಿಂದ ಒಬ್ಬ ವಿಜ್ಞಾನದ ಮಾಸ್ತರರು ಕೊಠಡಿ ಮೇಲ್ವಿಚಾರಣೆಗೆ ಬಂದಿದ್ದರು. ಹೊಸದಾಗಿ ಮದುವೆಯಾದವರು. ಫೋನನ್ನು ತಾವಾಗಿಯೇ ಕೊಟ್ಟರು, ಕಿಸೆಯನ್ನು ಹೊರಗೆಳೆದು ಕೂಡ ತೋರಿಸಿದರು. ಮಾವನ ಮನೆಯವರು ಮದುವೆಯಲ್ಲಿ ಕೈಗೆ ಕಟ್ಟಿದ ಗಡಿಯಾರವನ್ನು ಮಾತ್ರ ಅವರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಗಡಿಯಾರ ಅಂದರೆ ಗಡಿಯಾರ ಎಂದುಕೊಂಡೆವು.

ಅವತ್ತೇ ಬೈಲಹೊಂಗಲದಿಂದ ಜಾಗೃತ ದಳದ ಮೇಡಂ ಬಂದರು. ಎಲ್ಲರೂ ಅವರನ್ನು ಸ್ಕ್ವಾಡ್ ಮೇಡಂ ಅನ್ನುತ್ತಿದ್ದರು. ಅವರ ಜೀಪಿನ ಸದ್ದು ಕೇಳಿದರೆ ಸಾಕು, ಓದಿಕೊಂಡು ಬಂದ ಹುಡುಗರಿಗೂ ಉತ್ತರ ಮರೆಯುತ್ತಿತ್ತು. ಮೇಡಂ ಕೊಠಡಿಗೆ ಕಾಲಿಟ್ಟಾಗ ಕಿತ್ತೂರಿನ ಸರ್ ಕುರ್ಚಿಯಿಂದ ಚಂಗನೆ ಎದ್ದು, ಹುಟ್ಟಿದಾಗಿನಿಂದ ನಿಂತೇ ಇದ್ದವರಂತೆ ಕೈ ಕಟ್ಟಿ ನಿಂತರು.

"ನಿಂತಾವ ನಿಂತೇ ಅದೇನ್ರಿ ಮೇಡಂ. ಒಂದ ನಿಮಿಷ ಕುಂತಿಲ್ಲ."

ಆ ಕ್ಷಣಕ್ಕೆ ಕೈಯಲ್ಲಿದ್ದ ಗಡಿಯಾರ ಗುರ್ರ್ ಎಂದು ನಡುಗಿತು. ಮೇಡಂ ಕಿತ್ತೂರಿನ ಸರ್ ಮುಂಗೈ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಅದರ ಮೇಲೆ ಮೂಡಿದ್ದನ್ನು ಕನ್ನಡ ಮಾಡಿ ಓದಿದರು.

"ನೀವು ಭಾಳ ಹೊತ್ತಿನಿಂದ ಕುಂತೀರಿ. ಆರೋಗ್ಯದ ಸಲುವಾಗಿ ಎದ್ದು ಒಂಚೂರು ಅಡ್ಡಾಡ್ರಿ."

ಇಡೀ ಕೊಠಡಿ ಕಿಸಕ್ಕೆಂದಿತು. ಗಡಿಯಾರ ನನ್ನ ಟ್ರಂಕಿಗೆ ಬಂತು. ಮೇಡಂ ದೊಡ್ಡ ಸರ್ ಎದುರು ಬೆರಳೆತ್ತಿದರು.

"ಮೊದಲನೇ ಸಲ ಅಂತ ಬಿಟ್ಟೇನಿ. ಇನ್ನೊಮ್ಮೆ ಸ್ವಾಧೀನದ ಹೊರಗ ಏನರ ಸಿಕ್ತು ಅಂದ್ರ ನೋಟೀಸ್ ನಿಮ್ಮ ಹೆಸರಿಗೇ ಬರ್ತದ, ತಿಳೀತಿಲ್ರಿ?"

ದೊಡ್ಡ ಸರ್ ಮುಖ ಸಣ್ಣದಾಯಿತು. ನನಗೆ ನಾಚಿಕೆಯಾಯಿತು. ಕಿತ್ತೂರಿನ ಸರ್ ಮಾತ್ರ ಮೇಡಂ ಹೋದ ಮೇಲೆ ಮೆಲ್ಲಗೆ ಕೇಳಿದರು: "ಅಕ್ಕಾರ, ಟ್ರಂಕಿನಾಗ ಅದು ಸುಮ್ನ ಬಿದ್ದಿರ್ತದಲ್ರಿ. ಅಲ್ಲೂ ಎದ್ದು ಅಡ್ಡಾಡು ಅಂತೈತೇನು?"

೨. ಕೂಸಿನ ಫೋನು

ಸಮಾಜ ವಿಜ್ಞಾನದ ದಿನ ಮುರಗೋಡದಿಂದ ಒಬ್ಬ ಹೆಣ್ಣುಮಗಳು ಬಂದಳು. ಓದು ಅರ್ಧಕ್ಕೇ ಬಿಟ್ಟು ಮದುವೆಯಾದವಳು, ಈಗ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದಳು. ಸಂಗಡ ಅತ್ತೆ, ಅತ್ತೆಯ ಕಂಕುಳಲ್ಲಿ ಕೂಸು. ಬಿಸಿಲು ನೋಡಿ ದೊಡ್ಡ ಸರ್ ಅತ್ತೆಯನ್ನೂ ಕೂಸನ್ನೂ ಸಾಲೆಯ ಪಡಸಾಲೆಯಲ್ಲೇ ಕೂರಿಸಿದರು. ಕೂತ ಮೇಲೆ ಅತ್ತೆಯ ಸೆರಗಿನೊಳಗಿಂದ ಫೋನು ಹೊರಬಂತು, ಅದರಲ್ಲಿ ಒಂದು ಬೆಕ್ಕು ಕುಣಿದು ಹಾಡುವ ಚಿತ್ರ, ಕೂಸಿನ ಕಣ್ಣು ಬೆಕ್ಕಿನ ಮೇಲೆ.

ನಾನು ಅಧಿಕಾರಿ. ಹೋಗಿ ಫೋನು ಇಸಕೊಂಡೆ.

ಕೂಸು ಒಂದು ಸಲ ನನ್ನ ಮುಖ ನೋಡಿತು, ಒಂದು ಸಲ ಅಜ್ಜಿಯ ಖಾಲಿ ಕೈ ನೋಡಿತು, ಆಮೇಲೆ ಶುರುಮಾಡಿತು ನೋಡಿ! ಗಂಟೆ ಬಾರಿಸುವ ಸಿಪಾಯಿಯೇ ಕಿವಿ ಮುಚ್ಚಿಕೊಂಡ. ಕೊಠಡಿಯ ಹುಡುಗರು ಪೆನ್ನು ಕೆಳಗಿಟ್ಟರು. ಕೂಸಿನ ತಾಯಿ ಕಿಟಕಿಯಿಂದ ಇಣುಕಿ, "ಅತ್ತೀ, ಬೆಕ್ಕು ಹಚ್ರಿ!" ಎಂದು ಕೂಗಿದಳು.

ದೊಡ್ಡ ಸರ್ ಓಡಿ ಬಂದರು. "ಅಕ್ಕಾರ, ಫೋನ್ ಕೊಟ್ಟು ಇವರನ್ನ ಗೇಟಿನ ಆಚೆ ಚಾದಂಗಡಿ ನೆರಳಿಗೆ ಕಳಸ್ರಿ."

"ಪೇಪರ್ ಮುಗಿಯೂತನಕ ಸ್ವಾಧೀನದಿಂದ ಕೊಡಂಗಿಲ್ಲ ಅಂತ ಆದೇಶ ಐತ್ರಿ ಸರ್."

"ಆ ಆದೇಶ ಬರದವರ ಮನ್ಯಾಗ ಕೂಸು ಇಲ್ಲ ಅಂತ ಕಾಣತೈತ್ರಿ. ಕೊಡ್ರಿ ಅಕ್ಕಾರ!"

ಕೊಟ್ಟೆ. ಗೇಟಿನಾಚೆ ಬೆಕ್ಕು ಹಾಡಿತು, ಕೂಸು ನಕ್ಕಿತು, ಪರೀಕ್ಷೆ ಮುಂದುವರಿಯಿತು. ಪೇಪರು ಮುಗಿದ ಮೇಲೆ ಅತ್ತೆ ಸೊಸೆಯನ್ನು ಕೇಳಿದಳು: "ಹೆಂಗಾತವಾ?"

"ಎಲ್ಲಾ ಬರದೇನ್ರಿ ಅತ್ತಿ. ಆದ್ರ ನಿಮ್ಮ ಬೆಕ್ಕಿನ ಹಾಡು ಇಲ್ಲೀತನಕ ಕೇಳಸಾಕ ಹತ್ತಿತ್ತು. ಒಂದು ರಾಜವಂಶದೊಳಗ ಬೆಕ್ಕನ್ನೂ ಸೇರಿಸಿಬಿಟ್ಟೇನೋ ಏನೋ ಅಂತ ಸಂಶೆ."

೩. ನಮಸ್ಕಾರದ ತಪಾಸಣೆ

ಗಣಿತದ ದಿನ ಹುಡುಗರಿಗೆ ದೇವರ ಮೇಲೂ ಗುರುಗಳ ಮೇಲೂ ಭಕ್ತಿ ಜಾಸ್ತಿ. ಸವದತ್ತಿ ಬಸ್ಸಿನಿಂದ ಇಳಿದ ಒಬ್ಬ ಹುಡುಗ ಗೇಟಿನಲ್ಲಿ ದೊಡ್ಡ ಸರ್ ಅವರನ್ನು ಕಂಡವನೇ ಬಗ್ಗಿ ಕಾಲು ಮುಟ್ಟಿದ. ಅವನ ಅಂಗಿಯ ಕಿಸೆಯಿಂದ ಏನೋ ಜಾರಿ ದೊಡ್ಡ ಸರ್ ಹೆಬ್ಬೆರಳಿನ ಮೇಲೆ ಧಪ್ಪೆಂದು ಬಿತ್ತು.

"ಅಯ್ಯಯ್ಯೋ! ಆಶೀರ್ವಾದ ತಗೊಳ್ಳಪಾ ಅಂದ್ರ ಕಾಣಿಕಿ ಹಾಕೀ ಏನೋ?"

ನೋಡಿದರೆ ಫೋನು. ಹುಡುಗನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅಳುತ್ತಾ ಹೇಳಿದ: "ಅಪ್ಪಂದ್ರಿ ಸರ್. ಬಸ್ ತಪ್ಪಿದ್ರ ಫೋನ್ ಮಾಡು ಅಂತ ಕಿಸೇದಾಗ ಹಾಕಿದ್ದನ್ರಿ. ಬಸ್ ಸಿಕ್ತಲ್ರಿ, ಅದರ ಖುಷಿಗೆ ಮರತೇಬಿಟ್ಟೆ."

ಬೆರಳಿನ ನೋವು ಮರೆತು ದೊಡ್ಡ ಸರ್ ಅಲ್ಲೇ ಕಟ್ಟೆಯ ಮೇಲೆ ಕೂತರು. ಹುಡುಗ ಕೊಠಡಿಯೊಳಗೆ ಹೋದ ಮೇಲೆ ಅದು ಬಿದ್ದಿದ್ದರೆ ಅವನ ಪರೀಕ್ಷೆಯೂ ಹೋಗುತ್ತಿತ್ತು, ಇವರ ಹೆಸರಿಗೆ ನೋಟೀಸೂ ಬರುತ್ತಿತ್ತು. ನೀರು ಕುಡಿದು ಹುಡುಗನ ಬೆನ್ನು ತಟ್ಟಿ ಒಳಗೆ ಕಳಿಸಿ, ಎದ್ದು ನಿಂತು ಹೊಸ ಕಾನೂನು ಸಾರಿದರು.

"ಇನ್ನ ಮುಂದ ಒಳಗ ಬರಾವ್ರು ಎಲ್ಲಾರೂ ಬಗ್ಗಿ ನಮಸ್ಕಾರ ಮಾಡೇ ಬರಬೇಕು. ನನ್ನ ಬೆರಳು ಬಾತೈತಿ. ಅಕ್ಕಾರಿಗೆ ಮಾಡ್ರಿ."

ಅಂದಿನಿಂದ ಊರ ಹುಡುಗರೆಲ್ಲ ನನ್ನ ಕಾಲಿಗೆ. ಬಾಚಣಿಕೆ ಬಿತ್ತು, ದೇವರ ಅಂಗಾರದ ಪೊಟ್ಟಣ ಬಿತ್ತು, ಸೂತ್ರ ಬರೆದ ಚೀಟಿಗಳು ಉದುರಿದವು. ಕಿತ್ತೂರಿನ ಸರ್ ಬಗ್ಗಿದಾಗ ತಂಬಾಕಿನ ಡಬ್ಬಿ ಬಿತ್ತು. ಬಂದೋಬಸ್ತಿಗೆ ಬಂದ ಪೊಲೀಸಪ್ಪ, "ನಂದು ಆಗಲೇ ಕೊಟ್ಟೇನಲ್ರಿ" ಎಂದು ಗೊಣಗುತ್ತ ಬಗ್ಗಿದರೆ ಸೀಟಿ ಬಿತ್ತು, ಸೀಟಿಯ ಹಿಂದೆ ಎರಡನೇ ಫೋನು.

ಸಂಜೆ ಮನೆಯಲ್ಲಿ ನಮ್ಮ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಸಮಾಧಾನಪಟ್ಟರು. "ಜೀಪ್ ಕೊಡಲಿಲ್ಲ ಅಂದ್ರ ಹೋಗ್ಲಿ ಬಿಡವಾ, ದೇವರು ಮಾಡಿ ಕುಂದ್ರಿಸ್ಯಾರಲ್ಲ."

೪. ರೊಟ್ಟಿ ಗಂಟು

ದೊಡ್ಡ ಸರ್ ಮನೆಯಿಂದ ದಿನವೂ ನಮಗೆಲ್ಲ ಸಾಲುವಷ್ಟು ಜೋಳದ ರೊಟ್ಟಿ ಬರುತ್ತಿತ್ತು. ಅವರ ಮನೆಯವರು ಬಿಳಿ ಅರಿವೆಯಲ್ಲಿ ಬಿಗಿದು ಕಟ್ಟಿದ ಗಂಟು, ಮೇಲೆ ಶೇಂಗಾ ಚಟ್ನಿ. ಗಣಿತದ ದಿನ ಆ ಗಂಟನ್ನು ಮಂಗಗಳು ಕಿಟಕಿಯಿಂದ ಎತ್ತಿಕೊಂಡು ಹೋಗಿ, ಬೇವಿನ ಮರದ ಮೇಲೆ ಕೂತು ನಮ್ಮ ಕಣ್ಣೆದುರೇ ಊಟ ಮುಗಿಸಿದ್ದವು. ಹಾಗಾಗಿ ಕೊನೆಯ ಪೇಪರಿನ ದಿನ ದೊಡ್ಡ ಸರ್ ಗಂಟನ್ನು ನೇರ ನನ್ನ ಹತ್ತಿರ ತಂದರು.

"ಇಡೀ ಸಾಲ್ಯಾಗ ಕೀಲಿ ಇರೂದು ನಿಮ್ಮ ಟ್ರಂಕಿಗೊಂದ. ಇದನ್ನೂ ಒಳಗ ಹಾಕ್ರಿ."

ಫೋನುಗಳ ಮೇಲೆ ಗಂಟು ಇಟ್ಟು ಕೀಲಿ ಜಡಿದೆ.

ಪರೀಕ್ಷೆ ಅರ್ಧ ಆಗಿರಬೇಕು, ಸ್ಕ್ವಾಡ್ ಮೇಡಂ ಜೀಪು ಬಂತು. ಕೊಠಡಿ ಕೊಠಡಿ ಸುತ್ತಿದರು, ಏನೂ ಸಿಗಲಿಲ್ಲ. ನನ್ನ ಟ್ರಂಕಿನ ಎದುರಿಗೆ ಬಂದು ನಿಂತರು. ದೊಡ್ಡ ಸರ್ ಮುಖದಲ್ಲಿ ಗೆಲುವು ಬಂದಿತ್ತು.

"ಎಲ್ಲಾ ಫೋನ್ ಬಂದ್ ಅದಾವಲ್ಲ?"

"ಒಂದೊಂದೂ ನನ್ನ ಕೈಯಾರೆ ಬಂದ್ ಮಾಡಿಸೇನ್ರಿ ಮೇಡಂ," ಎಂದೆ ನಾನು, ಸ್ವಲ್ಪ ಗತ್ತಿನಿಂದಲೇ.

ಆಗ ಟ್ರಂಕಿನೊಳಗಿಂದ ಒಂದು ಎಳೆಯ ದನಿ ಕೂಗಿತು: "ಅಜ್ಜಾ, ಫೋನ್ ಎತ್ತೋ! ಅಜ್ಜಾ, ಫೋನ್ ಎತ್ತೋ!"

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. "ಯಾರನ್ನ ಹಾಕಿ ಕೀಲಿ ಜಡದೀರಿ?"

ನಾನು ದೊಡ್ಡ ಸರ್ ಕಡೆ ನೋಡಿದೆ. ಅವರು ಬೆಳ್ಳಗಾಗಿದ್ದರು. ಅದು ಅವರ ಮೊಮ್ಮಗಳ ದನಿ, ಅವರ ಒಳ್ಳೆಯ ಫೋನಿನ ಕರೆಗಂಟೆ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಎಷ್ಟೋ ಸಲ ಕೇಳಿ ನಕ್ಕಿದ್ದೆವು. ಅವತ್ತು ಯಾರಿಗೂ ನಗು ಬರಲಿಲ್ಲ.

ಕೀಲಿ ತೆಗೆದೆ. ಉಳಿದ ಫೋನುಗಳೆಲ್ಲ ಸತ್ತಂತೆ ಬಿದ್ದಿದ್ದವು. ರೊಟ್ಟಿ ಗಂಟು ಮಾತ್ರ ಒಳಗೆ ದೀಪ ಹಚ್ಚಿಟ್ಟಂತೆ ಬೆಳಗುತ್ತ, ಅಜ್ಜನನ್ನು ಕರೆಯುತ್ತಿತ್ತು. ಮೇಡಂ ತಾವೇ ಗಂಟು ಬಿಚ್ಚಿದರು. ಮೇಲೆ ಚಟ್ನಿ, ಚಟ್ನಿಯ ಪಕ್ಕ ಫೋನು, ಅದರ ಟಾರ್ಚಿನ ಬೆಳಕು ಇನ್ನೂ ಉರಿಯುತ್ತಿತ್ತು. ಎರಡು ಬೆರಳಲ್ಲಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಹಲೋ ಅಂದರು.

"ಹಲೋ! ಸಿಕ್ತೇನ್ರಿ?" ದೊಡ್ಡ ಸರ್ ಮನೆಯವರ ದನಿ. "ಮನಿ ತುಂಬ ಹುಡಿಕಿ ಸಾಕಾಗಿ, ಎಲ್ಲರೆ ಸಪ್ಪಳಾದೀತು ಅಂತ ನನ್ನ ಫೋನಿಲೆ ಹಚ್ಚಿದೆ. ಯಾರು, ಅಕ್ಕಾರ ಏನ್ರಿ? ಎಲ್ಲಿತ್ರಿ ಅದು?"

"ರೊಟ್ಟಿ ಗಂಟಿನಾಗ," ಎಂದರು ಮೇಡಂ.

"ಅಯ್ಯ ನನ್ನ ಬುದ್ಧಿಗಿಷ್ಟು! ಮುಂಜಾನೆ ಕರೆಂಟ್ ಹೋಗಿತ್ರಿ. ಅದರ ಬೆಳಕಿನಾಗ ರೊಟ್ಟಿ ಬಡದು, ಅಲ್ಲೇ ರೊಟ್ಟಿ ಮ್ಯಾಲೆ ಇಟ್ಟಿದ್ದೆ. ಗಡಿಬಿಡಿಯೊಳಗ ಅದನ್ನೂ ಕೂಡೇ ಕಟ್ಟಿಬಿಟ್ಟೇನಿ. ಅಕ್ಕಾರ, ಇವರಿಗೆ ಮಾತ್ರ ಹೇಳಬ್ಯಾಡ್ರಿ, ಎದಿ ಒಡಕೋತಾರ. ಅದ್ಯಾರೋ ಬೈಲಹೊಂಗಲದ ಸ್ಕ್ವಾಡ್ ಮೇಡಂ ಅದಾಳಂತಲ್ರಿ, ನಿದ್ದಿಗಣ್ಣಾಗೂ 'ಇಲ್ರಿ ಮೇಡಂ, ನನ್ನ ಹಂತ್ಯಾಕ ಏನಿಲ್ರಿ ಮೇಡಂ' ಅಂತ ಕನವರಸ್ತಾರ. ಆಕಿಗೂ ಗಂಡ ಮಕ್ಕಳು ಇಲ್ಲೇನ್ರಿ? ಯಾಕ ಹಿಂಗ ಮಂದೀನ ಅಂಜಸ್ತಾಳ?"

"ಅದಾರ್ರಿ," ಎಂದರು ಮೇಡಂ. "ಅವರೂ ಅಂಜತಾರ."

ಆ ಕಡೆ ಫೋನು ಪಟ್ಟನೆ ಕಟ್ಟಾಯಿತು. ದೊಡ್ಡ ಸರ್ ಮುಂದೆ ಬಂದರು. "ಮೇಡಂ, ಆಕಿದೇನೂ ತಪ್ಪಿಲ್ರಿ. ಗಂಟು ತಂದಾವ ನಾನು. ನೋಟೀಸ್ ಕೊಡ್ರಿ, ತಗೋತೇನಿ." ಅಷ್ಟು ವರ್ಷ ಅಷ್ಟು ಚೊಕ್ಕ ಬದುಕಿದ ಮನುಷ್ಯ ಒಂದು ರೊಟ್ಟಿ ಗಂಟಿನಲ್ಲಿ ಸಿಕ್ಕಿಬೀಳಬೇಕೇ!

ಮೇಡಂ ದೊಡ್ಡ ಸರ್ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದರು.

"ಈ ಫೋನ್ ಎಲ್ಲಿತ್ತು?"

"ಟ್ರಂಕಿನಾಗ್ರಿ."

"ಟ್ರಂಕ್ ಯಾರ ಸ್ವಾಧೀನ?"

"ನಂದ್ರಿ."

"ಕೀಲಿ?"

"ನನ್ನ ಸೆರಗಿನಾಗ್ರಿ."

"ಹಂಗಾರ ಸ್ವಾಧೀನದ ಹೊರಗ ಏನೂ ಸಿಕ್ಕಿಲ್ಲ," ಎಂದು ಫೋನು ಬಂದ್ ಮಾಡಿ, ಅದಕ್ಕೂ ಒಂದು ಚೀಟಿ ಅಂಟಿಸಿ ಟ್ರಂಕಿಗೆ ಹಾಕಿದರು. "ಮಂದಿ ಫೋನ್ ಅಷ್ಟ ಇಡತಾರ. ನೀವು ರೊಟ್ಟಿ ಸುದ್ದಾ ಇಟ್ಟೀರಿ. ಭಾರೀ ಬಂದೋಬಸ್ತ್." ಪೇಪರು ಮುಗಿದ ಗಂಟೆ ಬಾರಿಸಿದ ಮೇಲೆ ನಮ್ಮ ಜೊತೆಗೇ ಕೂತು ಆ ರೊಟ್ಟಿ ಉಂಡು, ಚಟ್ನಿಯನ್ನು ಮತ್ತೆ ಹಾಕಿಸಿಕೊಂಡು ಹೋದರು.

ಮೇ ಕೊನೆಗೆ ದೊಡ್ಡ ಸರ್ ಬೀಳ್ಕೊಡುಗೆ. ಕರೆಯದಿದ್ದರೂ ಮೇಡಂ ಬಂದರು. ದೊಡ್ಡ ಸರ್ ಮನೆಯವರು ಅವರನ್ನು ಕಂಡು ಕಂಬದ ಮರೆಗೆ ಹೋಗುವುದರಲ್ಲಿದ್ದರು. ಮೇಡಂ ಅಲ್ಲಿಗೇ ಹೋಗಿ ಅವರ ಕೈಗೆ ಒಂದು ಹೊಸ ಬ್ಯಾಟರಿ ಟಾರ್ಚು ಕೊಟ್ಟರು. "ರೊಟ್ಟಿ ಮಾಡುವಾಗ ಇದನ್ನ ಹಚ್ರಿ. ಹಿಡಕೊಂಡು ನಿಂದ್ರಾಕ ನಿಮ್ಮವರು ಇನ್ನ ಖಾಲೀನೇ ಇರ್ತಾರ." ಸಭೆಯೆಲ್ಲ ನಕ್ಕಿತು.

ಆಮೇಲೆ ವೇದಿಕೆಗೆ ಬಂದು, ವಯಸ್ಸಿನಲ್ಲಿ ಹಿರಿಯರೆಂದು ದೊಡ್ಡ ಸರ್ ಕಾಲು ಮುಟ್ಟಲು ಬಗ್ಗಿದರು. ಹೆಗಲಿನ ವ್ಯಾನಿಟಿ ಚೀಲದ ಬಾಯಿ ತೆರೆದಿತ್ತು. ಅದರಿಂದ ಮೇಡಂ ಫೋನು ಜಾರಿ, ಹಳೆಯ ಗಾಯದ ಅದೇ ಹೆಬ್ಬೆರಳಿನ ಮೇಲೆ ಧಪ್ಪೆಂದು ಬಿತ್ತು.

ದೊಡ್ಡ ಸರ್ ಒಂದು ಕಾಲಲ್ಲಿ ಕುಣಿಯುತ್ತಲೇ, ಆಶೀರ್ವಾದಕ್ಕೆ ಎತ್ತಿದ ಕೈ ಇಳಿಸದೆ, ಮೈಕಿನಲ್ಲಿ ಕೂಗಿದರು:

"ಅಕ್ಕಾರ, ಟ್ರಂಕ್ ತರ್ರಿ!"